ಮಳಿಗೆ ಕಟ್ಟಿಸ್ತಿದ್ದೀರಾ? ಚೌಕಾಸಿ ಬರೀ ಚದರಡಿ ರೇಟಿಗಲ್ಲ

ಗುತ್ತಿಗೆದಾರರ ಹತ್ತಿರ ಚದರಡಿಗೆ 50 ರೂಪಾಯಿ ಇಳಿಸಿದರೆ ಗೆದ್ದೆವು ಅಂದುಕೊಳ್ಳುವವರೇ ಹೆಚ್ಚು. ಸಂಪು, ಶಟರ್, ವೈರಿಂಗ್ ಆ ರೇಟಿನಲ್ಲಿ ಸೇರಿದೆಯಾ ಅಂತ ಕೇಳಿರುವುದಿಲ್ಲ. ಕೊನೆಗೆ 'ಎಕ್ಸ್‌ಟ್ರಾ ಕೆಲಸ'ದ ಬಿಲ್ ಬರುತ್ತೆ.

ಮಾತಿಗೆ ಕೂರುವ ಮೊದಲು ಇನ್ನಿಬ್ಬರಿಂದ ಕೊಟೇಶನ್ ತಗೊಳ್ಳಿ. ಬೇರೆ ದಾರಿ ಇದ್ದವರ ಮಾತಿಗೇ ತೂಕ.

ರೇಟು ಇಳಿಯದಿದ್ದರೆ ಹಣ ಕೊಡುವ ಕ್ರಮದ ಬಗ್ಗೆ ಮಾತಾಡಿ. ಪಾಯ, ಲಿಂಟಲ್, ಮೋಲ್ಡ್, ಪ್ಲಾಸ್ಟರ್ ಮುಗಿದಂತೆ ಕಂತು. ಕೊನೇ ಕಂತು ಕೀ ಕೈಗೆ ಬಂದ ಮೇಲೆ. ಗುತ್ತಿಗೆದಾರರಿಗೂ ಕೂಲಿಯವರ ವಾರದ ಬಟವಾಡೆ ಇರುತ್ತೆ. ಹಂತ ಮುಗಿದ ದಿನವೇ ದುಡ್ಡು ಅಂದರೆ ಅವರೂ ಒಪ್ಪುವ ಸಾಧ್ಯತೆ ಹೆಚ್ಚು.

ಕೆಲಸ ತಡವಾದರೆ ಪರಿಹಾರ ಎಷ್ಟು ಅನ್ನೋದನ್ನೂ ಕರಾರಿನಲ್ಲಿ ಬರೆಸಿ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಬರೆದ ಮೊತ್ತ ಮೀರದಂತೆ ನ್ಯಾಯಯುತ ಪರಿಹಾರ ಕೇಳಬಹುದು.