ಮೋಲ್ಡ್ ದಿನದ ಮೊದಲ ಅರ್ಧ ಗಂಟೆ

ಮನೆಗೆ ಮೋಲ್ಡ್ ಹಾಕುವ ದಿನ ಬೀದಿಯಲ್ಲಿ ಎಲ್ಲರಿಗೂ ಅವಸರ. ಟ್ರಾನ್ಸಿಟ್ ಮಿಕ್ಸರ್ ಲಾರಿ ಡ್ರಮ್ ತಿರುಗಿಸುತ್ತ ಗೇಟಿನ ಮುಂದೆ ನಿಂತಿರುತ್ತದೆ. ಮೇಲೆ ಸೆಂಟ್ರಿಂಗ್ ಮೇಲಿನ ಕಂಬಿಗೆ ನೀರು ಹೊಡೆದು ಆಗಿದೆ, ವೈಬ್ರೇಟರ್ ಹಿಡಿದವನು ಸಿದ್ಧ, ಮನೆಯವರು ಪೂಜೆ ಮುಗಿಸಿ ಕಾಯಿ ಒಡೆದಿದ್ದಾರೆ. ಇಷ್ಟೆಲ್ಲ ಆದರೂ ಪಂಪ್ ಆಪರೇಟರ್ ಕಾಂಕ್ರೀಟ್ ಬಿಡಿಸಿಕೊಳ್ಳುವುದಿಲ್ಲ. ಒಂದು ಡ್ರಮ್ಮಿನಲ್ಲಿ ಸಿಮೆಂಟ್ ಕದಡಿ, ಹಾಪರಿಗೆ ಸುರಿದು, ಪಂಪನ್ನು ನಿಧಾನಕ್ಕೆ ಒಂದೆರಡು ಹೊಡೆತ ಹೊಡೆಸುತ್ತಾನೆ. ನೋಡುವವರಿಗೆ ಇದು ಪೈಪ್ ತೊಳೆಯುವ ಕೆಲಸದಂತೆ ಕಾಣುತ್ತದೆ. ಇದರ ಹೆಸರು ಪ್ರೈಮಿಂಗ್. ಆ ದಿನ ಸುಸೂತ್ರವಾಗಿ ಮುಗಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ.

ಕಾಂಕ್ರೀಟ್ ಪೈಪಿನೊಳಗೆ ನೀರು ಹರಿದ ಹಾಗೆ ಹರಿಯುವುದಿಲ್ಲ. ಪಂಪಿನ ಎರಡು ಪಿಸ್ಟನ್‌ಗಳು ಸರದಿಯಂತೆ ತಳ್ಳಿದಾಗ ಅದು ಇಡಿಯಾಗಿ, ಒಂದೇ ಗಟ್ಟಿಯಾಗಿ ಜಾರುತ್ತದೆ. ಹಾಗೆ ಜಾರಬೇಕಾದರೆ ಪೈಪಿನ ಒಳಮೈಗೂ ಕಾಂಕ್ರೀಟಿಗೂ ನಡುವೆ ಸಿಮೆಂಟ್, ನುಣ್ಣನೆಯ ಮರಳು, ನೀರು ಕೂಡಿದ ತೆಳ್ಳನೆಯ ಪದರ ಇರಬೇಕು. ಒಂದೆರಡು ಮಿಲಿಮೀಟರ್ ಇದ್ದರೂ ಸಾಕು. ಒಣ ಪೈಪಿನಲ್ಲಿ ಈ ಪದರ ಇರುವುದಿಲ್ಲ. ಆಗ ಮೊದಲು ಬಂದ ಕಾಂಕ್ರೀಟ್ ತನ್ನ ಸಿಮೆಂಟನ್ನೇ ಪೈಪಿಗೆ ಬಳಿಯುತ್ತ ಹೋಗುತ್ತದೆ. ಮುಂದೆ ಮುಂದೆ ಹೋದಂತೆ ಅದರಲ್ಲಿ ಉಳಿಯುವುದು ಬರಿಯ ಜಲ್ಲಿ. ಬೆಂಡ್ ಇರುವ ಕಡೆಯೋ ಪೈಪ್ ಕಿರಿದಾಗುವ ರೆಡ್ಯೂಸರಿನಲ್ಲೋ ಜಲ್ಲಿಗೆ ಜಲ್ಲಿ ಕಚ್ಚಿಕೊಂಡು ನಿಂತುಬಿಡುತ್ತದೆ. ಸೈಟಿನಲ್ಲಿ ಎಲ್ಲರೂ ಹೆದರುವ ಜಾಮ್ ಎಂದರೆ ಇದೇ.

ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು 125 ಮಿಲಿಮೀಟರ್ ಪೈಪು. ಅದನ್ನು 100 ಮೀಟರ್ ಎಳೆದರೆ ಒಳಮೈ ಸುಮಾರು 39 ಚದರ ಮೀಟರ್, ಅಂದರೆ ಹತ್ತಡಿ ಚೌಕದ ಕೋಣೆಯೊಂದರ ನಾಲ್ಕೂ ಗೋಡೆಗಳಷ್ಟು. ಅಷ್ಟಕ್ಕೂ ಒಂದು ಮಿಲಿಮೀಟರ್ ಲೇಪನ ಕೊಡಲು 40 ಲೀಟರಿನ ಹತ್ತಿರ ಸ್ಲರಿ, ಅಂದರೆ ನೀರಿನಲ್ಲಿ ಕದಡಿದ ಸಿಮೆಂಟ್, ಬೇಕು. ಹಾಪರ್, ಸಿಲಿಂಡರ್‌ಗಳಿಗೂ ಅದರಲ್ಲಿ ಪಾಲಿದೆ, ದಾರಿಯುದ್ದಕ್ಕೂ ಅಲ್ಲಲ್ಲಿ ಕಳೆದುಹೋಗುವುದೂ ಇದೆ. ಆದ್ದರಿಂದ ಅನುಭವಿ ಆಪರೇಟರ್ ಇದರ ಕೆಲವು ಪಟ್ಟು ಕಲಸಿಕೊಳ್ಳುತ್ತಾನೆ. ಪೈಪ್ ಉದ್ದ ಎಷ್ಟಿದ್ದರೂ ಒಂದೇ ಮೂಟೆ ಸಿಮೆಂಟಿನಲ್ಲಿ ಮುಗಿಸುವ ಅಭ್ಯಾಸ ತಪ್ಪು. ಅದೇ ಪೈಪ್ ತುಂಬ ಕಾಂಕ್ರೀಟ್ ಇದ್ದರೆ 1.2 ಘನ ಮೀಟರ್, ತೂಕ ಮೂರು ಟನ್ನಿನಷ್ಟು. ಜಾಮ್ ಆದರೆ ಕ್ಲಾಂಪ್ ಬಿಚ್ಚಿ, ತುಂಡು ತುಂಡಾಗಿ ಕೈಯಲ್ಲಿ ಹೊರಹಾಕಬೇಕಾದದ್ದು ಇಷ್ಟು ಭಾರ.

ಕೆಲಸದ ಕ್ರಮ ನೋಡಿ. ಮೊದಲು ಪ್ರತಿ ಕ್ಲಾಂಪ್, ಪ್ರತಿ ರಬ್ಬರ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಜೋಡಣೆಯಲ್ಲಿ ನೀರು ಸೋರಿದರೆ ಅಲ್ಲಿ ಕಾಂಕ್ರೀಟ್ ಒಣಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಹಾಪರನ್ನೂ ಪೈಪನ್ನೂ ನೀರಿನಿಂದ ತೋಯಿಸಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಪೈಪು ಮುಟ್ಟಲಾಗದಷ್ಟು ಕಾಯುತ್ತದೆ. ಅಲ್ಲಿ ಪೈಪಿನ ಮೇಲೆ ಒದ್ದೆ ಗೋಣಿಚೀಲ ಹೊದಿಸದೆ ಸ್ಲರಿ ಬಿಟ್ಟರೆ ಅದು ದಾರಿಯಲ್ಲೇ ಒಣಗುತ್ತದೆ. ನೀರು ಬಿಟ್ಟ ಮೇಲೆ ಸ್ಪಾಂಜಿನ ಚೆಂಡೊಂದನ್ನು ಪೈಪಿಗೆ ತುರುಕುವುದುಂಟು. ಮುಂದಿರುವ ನೀರು ಹಿಂದೆ ಬರುವ ಸ್ಲರಿಯೊಂದಿಗೆ ಬೆರೆಯದಂತೆ ಅದು ತಡೆಯುತ್ತದೆ. ಆಮೇಲೆ ಸ್ಲರಿ, ಸಿಮೆಂಟ್ ಮಾತ್ರದ್ದು, ಇಲ್ಲವೇ ಸಿಮೆಂಟಿಗೆ ನುಣ್ಣನೆಯ ಮರಳು ಸೇರಿಸಿದ್ದು. ಕೋಲು ಅದ್ದಿ ತೆಗೆದರೆ ಅದಕ್ಕೆ ಹತ್ತಿಕೊಂಡು ಉಳಿಯುವಷ್ಟು ಮಂದವಾಗಿರಬೇಕು. ಬರೀ ನೀರು ಬಿಟ್ಟು ಹಿಂದೆಯೇ ಕಾಂಕ್ರೀಟ್ ತಳ್ಳುವವರೂ ಇದ್ದಾರೆ. ಆ ನೀರು ಕಾಂಕ್ರೀಟಿನ ಮೂತಿಯಲ್ಲಿರುವ ಸಿಮೆಂಟನ್ನು ತೊಳೆದು ಜಲ್ಲಿಯನ್ನು ಬೋಳು ಮಾಡುತ್ತದೆ, ಅಂದರೆ ಜಾಮನ್ನು ತಾವೇ ಕರೆದಂತೆ.

ಹದವೆಲ್ಲ ಇರುವುದು ಸ್ಲರಿ ಮುಗಿದು ಕಾಂಕ್ರೀಟ್ ಶುರುವಾಗುವ ಗಳಿಗೆಯಲ್ಲಿ. ಹಾಪರಿನಲ್ಲಿ ಸ್ಲರಿ ಪೂರ್ತಿ ಬರಿದಾಗುವ ಮೊದಲೇ ಲಾರಿಯಿಂದ ಕಾಂಕ್ರೀಟ್ ಬೀಳಬೇಕು. ತಡವಾದರೆ ಪಿಸ್ಟನ್ ಗಾಳಿ ಎಳೆದುಕೊಳ್ಳುತ್ತದೆ. ಹಾಗೆಂದು ಲಾರಿ ಬರುವುದಕ್ಕೆ ಮೊದಲೇ ಪ್ರೈಮ್ ಮಾಡಿಟ್ಟರೂ ಕೆಟ್ಟಿತು. ಲಾರಿ ಬಂದು, ಡ್ರಮ್ ಜೋರಾಗಿ ತಿರುಗಿ, ಸ್ಲಂಪ್, ಅಂದರೆ ಕಾಂಕ್ರೀಟಿನ ಹದ, ನೋಡಿ ಒಪ್ಪಿದ ಮೇಲೆಯೇ ಸ್ಲರಿ ಒಳಗೆ ಹೋಗಬೇಕು. ಐಎಸ್ 4926 ಮಾನಕದ ಪ್ರಕಾರ ರೆಡಿಮಿಕ್ಸ್ ಕಾಂಕ್ರೀಟನ್ನು ಸಾಮಾನ್ಯವಾಗಿ ತುಂಬಿದ 2 ಗಂಟೆಯೊಳಗೆ ಸುರಿದು ಮುಗಿಸಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದರಲ್ಲಿ ಅರ್ಧ ಹೊತ್ತು ದಾರಿಯಲ್ಲೇ ಹೋಗಿರುತ್ತದೆ. ಈ ಒತ್ತಡದ ನಡುವೆಯೂ ಪ್ರೈಮಿಂಗಿಗೆ ಹೊತ್ತು ಕೊಡುವ ಆಪರೇಟರನ್ನು ಕಂಡರೆ ನನಗೆ ಗೌರವ. ಬಿಹಾರದಿಂದಲೋ ಒಡಿಶಾದಿಂದಲೋ ಬಂದು, ಹೆಲ್ಪರ್ ಆಗಿ ಪೈಪ್ ಹೊತ್ತು, ಪಂಪಿನ ಸದ್ದಿನ ಏರಿಳಿತದಲ್ಲೇ ಜಾಮ್ ಹತ್ತಿರವಾದದ್ದನ್ನು ಗುರುತಿಸಲು ಕಲಿತವರು ಇವರಲ್ಲಿ ಅನೇಕರು. ಗೇಜಿನ ಮುಳ್ಳು ಏರುತ್ತಿದ್ದಂತೆ ಪಂಪನ್ನು ರಿವರ್ಸ್ ಹಾಕಿ ಒತ್ತಡ ಇಳಿಸುತ್ತಾರೆ. ಪೈಪನ್ನು ಸುತ್ತಿಗೆಯಿಂದ ತಟ್ಟುತ್ತ ಹೋಗಿ, ಸದ್ದು ಮಂದವಾದ ಕಡೆ ಕಟ್ಟಿಕೊಂಡಿದೆ ಎಂದು ತೋರಿಸುತ್ತಾರೆ.

ಗಾಳಿಯ ಮಾತು ಬಂತು. ಪ್ರೈಮಿಂಗ್ ಹೊತ್ತಿನಲ್ಲಿ ಪೈಪಿನೊಳಗೆ ಗಾಳಿ ಇದ್ದೇ ಇರುತ್ತದೆ. ಅದು ಎಲ್ಲಾದರೂ ಸಿಕ್ಕಿಕೊಂಡು ಒತ್ತಿ ಒತ್ತಿ ಒಮ್ಮೆಲೇ ಬಿಟ್ಟರೆ ತುದಿಯ ರಬ್ಬರ್ ಹೋಸ್ ಚಾಟಿಯ ಹಾಗೆ ಬೀಸುತ್ತದೆ, ಜಲ್ಲಿ ಸಿಡಿಯುತ್ತದೆ. ಎದುರಿಗಿದ್ದವನ ಪ್ರಾಣವನ್ನೇ ತೆಗೆಯಬಲ್ಲ ಪೆಟ್ಟು ಅದು. ಹಾಗಾಗಿ ಮೊದಲ ಕಾಂಕ್ರೀಟ್ ಎಡೆಬಿಡದೆ, ಸಮನಾಗಿ ಬರುವವರೆಗೆ ಹೋಸನ್ನು ಯಾರೂ ಹಿಡಿಯಬಾರದು, ಅದರ ಹತ್ತಿರವೂ ನಿಲ್ಲಬಾರದು. ಜಾಮ್ ಬಿಡಿಸಿ ಮತ್ತೆ ಪಂಪ್ ಶುರು ಮಾಡುವಾಗಲೂ ಇದೇ ನಿಯಮ. ಒತ್ತಡ ಇಳಿಸದೆ ಕ್ಲಾಂಪ್ ಬಿಚ್ಚುವುದಂತೂ ಕೂಡದು.

ಪಂಪ್ ಹೊಸ ಯಂತ್ರವೇನಲ್ಲ. ಜರ್ಮನಿಯಲ್ಲಿ ಮ್ಯಾಕ್ಸ್ ಗೀಸೆ, ಫ್ರಿಟ್ಸ್ ಹೆಲ್ ಎಂಬವರು 1927ರಲ್ಲೇ ಕಾಂಕ್ರೀಟನ್ನು ಪೈಪಿನಲ್ಲಿ ತಳ್ಳಿ ತೋರಿಸಿದ್ದರು. ದುಬೈನ ಬುರ್ಜ್ ಖಲೀಫಾದಲ್ಲಿ ಅದು 606 ಮೀಟರ್ ಏರಿತು. 2009ರಲ್ಲಿ ಹಿಮಾಚಲ ಪ್ರದೇಶದ ಪಾರ್ವತಿ ಜಲವಿದ್ಯುತ್ ಯೋಜನೆಯಲ್ಲಿ 715 ಮೀಟರ್. ಎತ್ತರ ಎಷ್ಟೇ ಇರಲಿ, ಒಣ ಪೈಪಿನಲ್ಲಿ ಕಾಂಕ್ರೀಟ್ ಏರುವುದಿಲ್ಲ.

ಈಗ ಪೊಟ್ಟಣಗಳಲ್ಲಿ ಪ್ರೈಮಿಂಗ್ ಪುಡಿಯೂ ಸಿಗುತ್ತದೆ. ಬಕೆಟ್ ನೀರಿಗೆ ಕಲಸಿದರೆ ಲೋಳೆಯಾಗಿ ಪೈಪಿಗೆ ಹತ್ತುತ್ತದೆ. ಸಿಮೆಂಟೂ ಉಳಿಯುತ್ತದೆ, ಹೊರುವ ಶ್ರಮವೂ ಕಡಿಮೆ. ಅದರಲ್ಲಿ ಬಲವೆಂಬುದೇ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಸಿಮೆಂಟ್ ಸ್ಲರಿಯಾದರೂ ಅಷ್ಟೇ. ಅದರಲ್ಲಿ ನೀರು ಹೆಚ್ಚು, ಜಲ್ಲಿ ಇಲ್ಲ. ಇವು ಸ್ಲ್ಯಾಬಿನ ಮೂಲೆಯಲ್ಲೋ ಪಿಲ್ಲರಿನ ಬುಡದಲ್ಲೋ ಸೇರಿದರೆ ಆ ಜಾಗ ಕಾಯಂ ದುರ್ಬಲ. ಮೇಲೆ ಪ್ಲಾಸ್ಟರ್ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ.

ಮನೆ ಕಟ್ಟಿಸುವವರು ಮೋಲ್ಡ್ ದಿನ ಎಂಜಿನಿಯರನ್ನೋ ಮೇಸ್ತ್ರಿಯನ್ನೋ ಒಂದು ಪ್ರಶ್ನೆ ಕೇಳಿ: ಮೊದಲು ಬರುವ ಸ್ಲರಿ ಎಲ್ಲಿಗೆ ಹೋಗುತ್ತದೆ? ಉತ್ತರ 'ಸ್ಲ್ಯಾಬಿಗೆ' ಎಂದಾದರೆ ತಡೆಯಿರಿ. ಪೈಪಿನ ತುದಿಯಲ್ಲಿ ಖಾಲಿ ಡ್ರಮ್ ಇಡಿಸಿ, ಸರಿಯಾದ ಕಾಂಕ್ರೀಟ್ ಬರುವವರೆಗೆ ಎಲ್ಲವನ್ನೂ ಅದಕ್ಕೇ ಬಿಡಿಸಿ. ಅದನ್ನು ಚರಂಡಿಗೋ ರಾಜಕಾಲುವೆಗೋ ಚೆಲ್ಲಬೇಡಿ. ಸಿಮೆಂಟ್ ನೀರು ತೀವ್ರ ಕ್ಷಾರ, ಚರ್ಮವನ್ನೂ ಸುಡುತ್ತದೆ, ಕೆರೆಯನ್ನೂ ಕೆಡಿಸುತ್ತದೆ. ಮೊಬೈಲ್ ಹಿಡಿದು ವಿಡಿಯೊ ಮಾಡಲು ಹೋಸಿನ ಎದುರು ನಿಲ್ಲಬೇಡಿ, ಮಕ್ಕಳನ್ನು ಆ ಹೊತ್ತಿನಲ್ಲಿ ಮೇಲೆ ಬಿಡಬೇಡಿ. ಆಪರೇಟರ್ ಇನ್ನೊಂದು ಮೂಟೆ ಸಿಮೆಂಟ್ ಕೇಳಿದರೆ ಚೌಕಾಸಿ ಮಾಡದೆ ಕೊಡಿ.