ತೆರಿಗೆಯ ದರ ಮತ್ತು ಶಾಲೆಯ ಬೊಕ್ಕಸ: ಸ್ಯಾನ್ ಆಂಟೋನಿಯೊದ ಮೊಕದ್ದಮೆ

ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪನ್ನಿತ್ತು, ವರ್ಣಾನುಸಾರವಾಗಿ ಮಕ್ಕಳಿಗೆ ಬೇರೆ ಬೇರೆ ಶಾಲೆಗಳನ್ನು ಏರ್ಪಡಿಸುವುದು ಸಂವಿಧಾನಬಾಹಿರವೆಂದು ಸಾರಿತು. ಅಲ್ಲಿಗೆ ವಿದ್ಯಾಭ್ಯಾಸದಲ್ಲಿ ನ್ಯಾಯ ನೆಲೆಗೊಂಡಿತೆಂದು ಭಾವಿಸುವವರು ಶಾಲೆಗಳ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದವರಲ್ಲ. ಆ ದೇಶದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಶಾಲಾ ಜಿಲ್ಲೆಯ ಮನೆ, ಜಮೀನುಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಯಾರು ಎಲ್ಲಿ ವಾಸಿಸುವರೆಂಬುದನ್ನು ಬಹುಕಾಲ ವರ್ಣವೇ ನಿರ್ಧರಿಸಿದ್ದರಿಂದ, ಆಸ್ತಿಯ ಬೆಲೆಯೂ ವರ್ಣವನ್ನು ಹಿಂಬಾಲಿಸಿತು.

ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಎಡ್ಜ್‌ವುಡ್ ಜಿಲ್ಲೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ವಿದ್ಯಾರ್ಥಿಗಳು ಮೆಕ್ಸಿಕೊ ಮೂಲದವರು. ಅದೇ ನಗರದ ಆಲಮೊ ಹೈಟ್ಸ್ ಮುಖ್ಯವಾಗಿ ಬಿಳಿಯರ ವಸತಿ. 1967-68ರಲ್ಲಿ ವಿದ್ಯಾರ್ಥಿಯೊಬ್ಬನಿಗೆ ಸರಾಸರಿ ಬರುತ್ತಿದ್ದ ಆಸ್ತಿಯ ತೆರಿಗೆ-ಬೆಲೆ ಎಡ್ಜ್‌ವುಡ್‌ನಲ್ಲಿ 5,960 ಡಾಲರು. ಆಲಮೊ ಹೈಟ್ಸ್‌ನಲ್ಲಿ 49,000ಕ್ಕೂ ಮಿಕ್ಕು. ಬಡವರು ನೂರು ಡಾಲರ ಆಸ್ತಿಗೆ 1 ಡಾಲರು 5 ಸೆಂಟು ತೆತ್ತರೆ ಉಳ್ಳವರು ತೆತ್ತುದು 85 ಸೆಂಟು. ರಾಜ್ಯದ ಮೂಲನಿಧಿಗೆ ಸಲ್ಲಬೇಕಾದುದನ್ನು ಕಳೆದು ಸ್ಥಳೀಯವಾಗಿ ಉಳಿದುದು ಒಂದೆಡೆ ತಲೆಗೆ 26 ಡಾಲರು, ಇನ್ನೊಂದೆಡೆ 333. ಇಷ್ಟಾಗಿಯೂ ರಾಜ್ಯದ ನೆರವು ಎಡ್ಜ್‌ವುಡ್‌ಗೆ 222, ಆಲಮೊ ಹೈಟ್ಸ್‌ಗೆ 225! ಕೇಂದ್ರದ ಸಹಾಯವನ್ನೂ ಕೂಡಿಸಿದಾಗ ಒಟ್ಟು 356 ಮತ್ತು 594.

ಎಡ್ಜ್‌ವುಡ್ ತನ್ನ ತೆರಿಗೆಯಿಂದಲೇ ನೆರೆಯವರಷ್ಟು ಉತ್ಪನ್ನ ಪಡೆಯಬೇಕಾದರೆ ದರವನ್ನು ನೂರಕ್ಕೆ ಸುಮಾರು 7 ಡಾಲರಿಗೆ ಏರಿಸಬೇಕಾಗಿತ್ತು. ಶಾಲಾ ನಿರ್ವಹಣೆಯ ತೆರಿಗೆಗೆ ಕಾನೂನು ಇಟ್ಟಿದ್ದ ಮಿತಿಯಾದರೋ ಒಂದೂವರೆ ಡಾಲರು. ಹೀಗಿರುವಾಗ ಅಲ್ಲಿಯ ಪೋಷಕರಿಗೆ ವಿದ್ಯೆಯಲ್ಲಿ ಆಸ್ಥೆಯಿಲ್ಲವೆನ್ನುವುದು ಸಲ್ಲದ ಮಾತು.

1968ರ ಮೇ ತಿಂಗಳಲ್ಲಿ ಎಡ್ಜ್‌ವುಡ್ ಹೈಸ್ಕೂಲಿನ ನೂರಾರು ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರನಡೆದರು. ಅದೇ ವರ್ಷ, ವಾಯುಪಡೆಯ ನೆಲೆಯೊಂದರಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಡಿಮೆಟ್ರಿಯೊ ರೋಡ್ರಿಗಸ್ ಮತ್ತು ಇತರ ಪೋಷಕರು ದಾವೆ ಹೂಡಿದರು. 1971ರಲ್ಲಿ ಕೆಳಗಿನ ನ್ಯಾಯಾಲಯ ಅವರ ಪರವಾಗಿ ನಿಂತಿತು. ಆದರೆ 1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು ನಾಲ್ವರ ವಿರುದ್ಧ ಐವರ ಬಹುಮತದಿಂದ ಅದನ್ನು ತಳ್ಳಿಹಾಕಿತು. ವಿದ್ಯಾಭ್ಯಾಸವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕಲ್ಲವೆಂಬುದು ಬಹುಮತದ ತೀರ್ಪನ್ನು ಬರೆದ ಪವೆಲ್ ಅವರ ವಾದ. ಸ್ಥಳೀಯ ಸ್ವಾತಂತ್ರ್ಯದ ಸಮರ್ಥನೆ ಅದರ ಜೊತೆಗೆ. (ಅವರು ಹಿಂದೆ ರಿಚ್ಮಂಡ್ ನಗರದ ಶಾಲಾ ಮಂಡಲಿಯ ಅಧ್ಯಕ್ಷರಾಗಿದ್ದವರು.) ಬ್ರೌನ್ ಮೊಕದ್ದಮೆಯಲ್ಲಿ ವಕೀಲರಾಗಿ ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ನ್ಯಾಯಾಧೀಶರ ಪೀಠದಿಂದ ದೀರ್ಘವಾದ ಭಿನ್ನಮತವನ್ನು ಬರೆಯಬೇಕಾಯಿತು. ತೆರಿಗೆ ವಿಧಿಸಲು ಆಸ್ತಿಯೇ ಇಲ್ಲದವರಿಗೆ ದೊರೆತ ಸ್ವಾತಂತ್ರ್ಯ ಎಂತಹುದೆಂಬ ಪ್ರಶ್ನೆಗೆ ಬಹುಮತದಲ್ಲಿ ತೃಪ್ತಿಕರವಾದ ಉತ್ತರ ದೊರೆಯುವುದಿಲ್ಲ.

ಹೋರಾಟ ಬಳಿಕ ರಾಜ್ಯದ ನ್ಯಾಯಾಲಯಗಳಿಗೆ ತಿರುಗಿತು. 1989ರಲ್ಲಿ ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯ ಆ ರಾಜ್ಯದ ಸಂವಿಧಾನದ ಆಧಾರದ ಮೇಲೆಯೇ ಎಡ್ಜ್‌ವುಡ್ ಪರವಾಗಿ ಒಮ್ಮತದ ತೀರ್ಪು ಕೊಟ್ಟಿತು. 1993ರ ಶಾಸನದಂತೆ ಆಸ್ತಿವಂತ ಜಿಲ್ಲೆಗಳ ಹೆಚ್ಚುವರಿ ಉತ್ಪನ್ನದ ಒಂದಂಶ ಇತರ ಜಿಲ್ಲೆಗಳಿಗೆ ಹೋಗತೊಡಗಿತು. ಈ ಏರ್ಪಾಡಿಗೂ ಒಂದು ತೊಡಕುಂಟು. ಅದು ಅಳೆಯುವುದು ಮುಖ್ಯವಾಗಿ ಜಿಲ್ಲೆಯ ಆಸ್ತಿಯನ್ನು, ಮಕ್ಕಳ ಮನೆಯ ಸ್ಥಿತಿಯನ್ನಲ್ಲ. ಹ್ಯೂಸ್ಟನ್ ನಗರದ ಗಗನಚುಂಬಿ ಕಟ್ಟಡಗಳು ಅಲ್ಲಿಯ ಶಾಲಾ ಜಿಲ್ಲೆಯನ್ನು ಕಾಗದದ ಮೇಲೆ ಶ್ರೀಮಂತವಾಗಿಸಿದವು. ಅದರ ವಿದ್ಯಾರ್ಥಿಗಳಲ್ಲಿ ಬಹುಪಾಲು ಬಡವರು. ಹಣ ಕೊಡಬೇಕಾದ ಸರದಿ ಬಂದಾಗ ಅಲ್ಲಿಯ ಮತದಾರರು 2016ರಲ್ಲಿ ನಿರಾಕರಿಸಿ, ಮರುವರ್ಷ ಒಪ್ಪಿಕೊಂಡರು.