ಮಗುವಿನ ಮೌನವು ಮರೆವಲ್ಲ

1976ರ ಜುಲೈ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಚೌಚಿಲ್ಲಾ ಎಂಬ ಊರಿನಲ್ಲಿ ದುಷ್ಕರ್ಮಿಗಳು ಶಾಲಾ ಬಸ್ಸೊಂದನ್ನು ಅಪಹರಿಸಿ, ಅದರಲ್ಲಿದ್ದ 26 ಮಕ್ಕಳನ್ನು ನೆಲದಡಿ ಹೂತಿದ್ದ ವಾಹನದಲ್ಲಿ ಕೂಡಿಹಾಕಿದರು. ಮಕ್ಕಳೆಲ್ಲರೂ ಜೀವಂತವಾಗಿ ಮರಳಿದರು. ಆದರೆ ಮನೋವೈದ್ಯೆ ಲೆನೋರ್ ಟೆರ್ ಅವರು ಅವರನ್ನು ಸಂದರ್ಶಿಸಿದಾಗ ಭಯವು ಮನಸ್ಸಿನಲ್ಲಿ ಮನೆಮಾಡಿದ್ದುದು ತಿಳಿದುಬಂದಿತು. ಕೆಲವರು ನಡೆದುದನ್ನೇ ಆಟವಾಗಿಸಿ ಮತ್ತೆ ಮತ್ತೆ ಆಡುತ್ತಿದ್ದರು.

ಅಪಘಾತ, ನೆರೆ, ಹಿಂಸೆ ಮುಂತಾದವುಗಳ ತರುವಾಯ ಕಾಡುವ ಈ ಬಾಧೆಗೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಹೆಸರು. ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇದನ್ನು ತೋರಿಸಿಕೊಡಲಾರವು. ತಜ್ಞರು ನಡೆಸುವ ಸಂದರ್ಶನವೇ ಮುಖ್ಯ ಸಾಧನ.

ತಜ್ಞರು ಪಾಲಕರೊಡನೆಯೂ ಮಗುವಿನೊಡನೆಯೂ ಪ್ರತ್ಯೇಕವಾಗಿ ಮಾತನಾಡುವರು. ಹಠ, ನಿದ್ರಾಭಂಗ, ಓದಿನ ಹಿನ್ನಡೆಗಳನ್ನು ಪಾಲಕರು ಬಲ್ಲರು. ಒಳಗಿನ ಭಯವನ್ನು ಮಗುವೇ ಹೇಳಬೇಕು. ತಂದೆತಾಯಿಗಳು ನೊಂದುಕೊಂಡಾರೆಂದು ಎಷ್ಟೋ ಮಕ್ಕಳು ಅವರೆದುರು ಬಾಯಿಬಿಡುವುದಿಲ್ಲ. ‘ಭಯವಾಯಿತಲ್ಲವೇ?’ ಎಂದು ಉತ್ತರವನ್ನು ಸೂಚಿಸದೆ, ‘ಅಂದು ಏನಾಯಿತು?’ ಎಂದೇ ತಜ್ಞರು ಕೇಳುವರು. ಘಟನೆ ಕಣ್ಣೆದುರು ಮರುಕಳಿಸುವುದು, ಅದನ್ನು ನೆನಪಿಸುವ ಸ್ಥಳಗಳಿಂದ ದೂರ ಸರಿಯುವುದು, ಮನಸ್ಸು ಮಂಕಾಗುವುದು, ಸಣ್ಣ ಸದ್ದಿಗೂ ಬೆಚ್ಚುವುದು ಇವೆಲ್ಲ ಒಂದು ತಿಂಗಳು ಮೀರಿಯೂ ಉಳಿದು ದಿನಚರಿಯನ್ನು ಕೆಡಿಸಿವೆಯೇ ಎಂದು ಪರಿಶೀಲಿಸುವರು. ತೀರ ಎಳೆಯ ಮಕ್ಕಳಲ್ಲಿ ಮಾತಿನೊಡನೆ ಆಟವನ್ನೂ ಗಮನಿಸುವರು.

‘ಮಗು ಮರೆತಿದೆ, ಕೆದಕುವುದು ಬೇಡ’ ಎಂಬ ಸದುದ್ದೇಶವೇ ಚಿಕಿತ್ಸೆಯನ್ನು ತಡವಾಗಿಸಬಲ್ಲದು. ಮನೆಯಲ್ಲಿ ಮಗುವನ್ನು ವಿಚಾರಣೆಗೆ ಒಳಪಡಿಸಬಾರದು. ತಾನಾಗಿ ಹೇಳಿದಾಗ ತಡೆಯದೆ ಆಲಿಸಬೇಕು, ತಜ್ಞರ ಬಳಿಗೆ ಕರೆದೊಯ್ಯಬೇಕು. ಉಚಿತ ಸಲಹೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.